ಗಿರಾಕಿಗೆ ಏನು ಇಷ್ಟ ಅಂತ ಹೇಳಿಕೊಡುವ ಸರ್ವೆ ಸೇವೆ: ದುಡ್ಡು ಕೊಡಬಹುದಾ?

ಮೊದಲೇ ಹೇಳಿಬಿಡುತ್ತೇನೆ. ಈ ಸೇವೆಯ ಒಂದು ಭಾಗಕ್ಕೆ ಧೈರ್ಯವಾಗಿ ದುಡ್ಡು ಕೊಡಬಹುದು. ಇನ್ನೊಂದು ಭಾಗಕ್ಕೆ ಕೊಡುವ ಮುಂಚೆ ಒಂದೆರಡು ಪ್ರಶ್ನೆ ಕೇಳಬೇಕು. ಉಳಿದದ್ದಕ್ಕೆ ಕೊಡುವುದೇ ಬೇಡ. ಹೆಸರು ಹೇಳುತ್ತಿಲ್ಲ, ಯಾಕೆಂದರೆ ನಾನು ಇಲ್ಲಿ ಹೊಗಳುವುದಾಗಲಿ ಬೈಯುವುದಾಗಲಿ ಈ ಒಂದು ಕಂಪನಿಗೆ ಮಾತ್ರ ಸಲ್ಲುವಂಥದ್ದಲ್ಲ. ಗಿರಾಕಿಗಳ ಇಷ್ಟಾನಿಷ್ಟ ಅಳೆದು ಕೊಡುತ್ತೇವೆ ಅನ್ನುವ ಆನ್‌ಲೈನ್ ಸೇವೆಗಳೆಲ್ಲ ಹೆಚ್ಚುಕಮ್ಮಿ ಇದೇ ನಾಲ್ಕೈದು ವಿಧಾನಗಳನ್ನು ಬೇರೆ ಬೇರೆ ಹೆಸರಿನಲ್ಲಿ ಮಾರುತ್ತವೆ.

ನಮ್ಮದು ಬೆನ್ನಿಗೆ ಹಾಕಿಕೊಳ್ಳುವ ಲ್ಯಾಪ್‌ಟಾಪ್ ಬ್ಯಾಗ್ ಮಾಡುವ ಸಣ್ಣ ಕಂಪನಿ. ಹೊಸ ಮಾಡೆಲ್ ತರಬೇಕಿತ್ತು. ತೂಕ ಎಷ್ಟಿರಲಿ, ಜಿಪ್ ಯಾವುದು, ನೀರು ಇಳಿಯದ ಬಟ್ಟೆ ಬೇಕಾ, ವಾರಂಟಿ ಎಷ್ಟು ವರ್ಷ, ಬೆಲೆ ಎಲ್ಲಿಗೆ ನಿಲ್ಲಿಸಬೇಕು. ಇದರ ಬಗ್ಗೆ ಆಫೀಸಿನಲ್ಲಿ ಒಬ್ಬೊಬ್ಬರದೂ ಒಂದೊಂದು ಅಭಿಪ್ರಾಯ. ಎಲ್ಲರೂ ತಮ್ಮ ಅಭಿಪ್ರಾಯವನ್ನು "ಗಿರಾಕಿಗಳು ಕೇಳುವುದೇ ಹೀಗೆ" ಅಂತಲೇ ಶುರು ಮಾಡುತ್ತಿದ್ದರು. ಅದಕ್ಕೇ ಈ ಸೇವೆ ತೆಗೆದುಕೊಂಡೆವು. ಇದರಲ್ಲಿ ಐದು ತುಣುಕುಗಳಿವೆ: ಸ್ಟಾರ್ ಕೊಡಿಸುವ ಮಾಮೂಲಿ ಸರ್ವೆ, "ಅತಿ ಮುಖ್ಯ ಯಾವುದು, ಅತಿ ಕಡಿಮೆ ಮುಖ್ಯ ಯಾವುದು" ಅಂತ ಕೇಳುವುದು, ಪಕ್ಕಪಕ್ಕ ಇಟ್ಟು ಒಂದನ್ನು ಆರಿಸಲು ಹೇಳುವುದು, "ಯಾಕೆ ಆರಿಸಿದಿರಿ" ಅಂತ ಬರೆಸುವುದು, ಕೊನೆಗೆ ಎಲ್ಲ ಸೇರಿಸಿ ಮಾರುಕಟ್ಟೆಯಲ್ಲಿ ಏನಾಗಬಹುದು ಅಂತ ತೋರಿಸುವ ಸಿಮ್ಯುಲೇಟರ್. ಉತ್ತರ ಕೊಡುವ ಜನರನ್ನೂ ಅವರೇ ಒದಗಿಸುತ್ತಾರೆ.

ಸ್ಟಾರ್ ಸರ್ವೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತೂಕ ಕಡಿಮೆ ಇರಲಿ, ಗಟ್ಟಿ ಇರಲಿ, ಖಾನೆ ಜಾಸ್ತಿ ಇರಲಿ, ನೋಡೋಕೂ ಚೆನ್ನಾಗಿರಲಿ, ಬೆಲೆ ಮಾತ್ರ ಕಡಿಮೆ ಇರಲಿ. ಎಲ್ಲದಕ್ಕೂ ನಾಲ್ಕರ ಮೇಲೆ ಸ್ಟಾರ್. ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಅಂತಾರಲ್ಲ, ಹಾಗೆ. ಸ್ಟಾರ್ ಕೊಡುವವರಿಗೆ ಏನನ್ನೂ ಬಿಟ್ಟುಕೊಡುವ ಕಷ್ಟವಿಲ್ಲ. ಹಗುರವೂ ಆಗಿ, ಗಟ್ಟಿಯೂ ಆಗಿ, ಅಗ್ಗವೂ ಆಗಿರುವ ಬ್ಯಾಗನ್ನು ನಾವು ಮಾಡಲಾರೆವು ಅನ್ನುವುದೇ ಇಲ್ಲಿನ ನಿಜವಾದ ಸಮಸ್ಯೆ. ಆ ಸಮಸ್ಯೆಯನ್ನೇ ಸ್ಟಾರ್ ಸರ್ವೆ ಕೇಳುವುದಿಲ್ಲ. ಅವರ ಡ್ಯಾಶ್‌ಬೋರ್ಡಿನಲ್ಲಿ ಇದಕ್ಕೇ ಅತಿ ಚೆಂದದ ಗ್ರಾಫ್ ಇದೆ, ಅದೊಂದು ತಮಾಷೆ.

ಎರಡನೆಯದು ಪರವಾಗಿಲ್ಲ. ನಾಲ್ಕೈದು ಅಂಶ ತೋರಿಸಿ, ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ಬೇಕು, ಯಾವುದು ಎಲ್ಲಕ್ಕಿಂತ ಬೇಡ ಅಂತ ಕೇಳುತ್ತದೆ. ಮತ್ತೆ ಬೇರೆ ನಾಲ್ಕೈದು. ಸಂಶೋಧಕ ಜೋರ್ಡನ್ ಲೂವಿಯರ್ 1980ರ ದಶಕದ ಕೊನೆಯಲ್ಲಿ ರೂಪಿಸಿದ ವಿಧಾನ ಇದು. ಮ್ಯಾಕ್ಸ್‌ಡಿಫ್ ಅಂತಲೂ ಕರೆಯುತ್ತಾರೆ. ಎಲ್ಲಕ್ಕೂ ಹೂಂ ಅನ್ನುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ, ಒಂದನ್ನು ಮೇಲಿಡಬೇಕಾದರೆ ಇನ್ನೊಂದನ್ನು ಕೆಳಗಿಡಲೇಬೇಕು. ನಿಮ್ಮ ಹತ್ತಿರ ಉದ್ದನೆಯ ಪಟ್ಟಿ ಇದ್ದು ಅದನ್ನು ಸೋಸಬೇಕಾಗಿದ್ದರೆ ಇದು ಸಾಕು.

ದುಡ್ಡು ಕೊಡಬಹುದು ಅಂದೆನಲ್ಲ, ಅದು ಮೂರನೆಯ ತುಣುಕು. ಹೇಗಿರುತ್ತದೆ ಅಂದರೆ, ಸ್ಕ್ರೀನಿನ ಮೇಲೆ ಮೂರು ಬ್ಯಾಗ್. ಮೊದಲನೆಯದು 700 ಗ್ರಾಂ, ಮಾಮೂಲಿ ಜಿಪ್, ಒಂದು ವರ್ಷ ವಾರಂಟಿ, ಬೆಲೆ ಜಾಸ್ತಿ. ಎರಡನೆಯದು 1100 ಗ್ರಾಂ, ಲೋಹದ ಜಿಪ್, ಮೂರು ವರ್ಷ ವಾರಂಟಿ, ಬೆಲೆ ಮಧ್ಯಮ. ಮೂರನೆಯದು 900 ಗ್ರಾಂ, ಮಾಮೂಲಿ ಜಿಪ್, ಮೂರು ವರ್ಷ ವಾರಂಟಿ, ಆದರೆ ನೀರು ಇಳಿಯುವ ಬಟ್ಟೆ, ಬೆಲೆ ಕಡಿಮೆ. ಕೆಳಗೆ "ಇವು ಯಾವುದೂ ಬೇಡ" ಅನ್ನುವ ಬಟನ್. ಒಂದನ್ನು ಒತ್ತಿದರೆ ಮುಂದಿನ ಸ್ಕ್ರೀನ್, ಅಲ್ಲಿ ಅಂಶಗಳನ್ನು ಬೇರೆ ಥರ ಕಲಸಿದ ಇನ್ನು ಮೂರು ಬ್ಯಾಗ್. ಯಾರಿಗೂ ನಿನಗೆ ಏನು ಮುಖ್ಯ ಅಂತ ಕೇಳುವುದೇ ಇಲ್ಲ. ಏನನ್ನು ಬಿಟ್ಟು ಏನನ್ನು ತೆಗೆದುಕೊಂಡರು ಅನ್ನುವುದರಿಂದ ಲೆಕ್ಕ ತಾನಾಗಿ ಹೊರಡುತ್ತದೆ.

ಇದಕ್ಕೆ ಕಾಂಜಾಯಿಂಟ್ ಅನಾಲಿಸಿಸ್ ಅಂತ ಹೆಸರು. ಇದರ ಗಣಿತದ ಬೇರು ಡಂಕನ್ ಲೂಸ್ ಮತ್ತು ಜಾನ್ ಟೂಕಿ 1964ರಲ್ಲಿ ಬರೆದ ಲೇಖನದಲ್ಲಿದೆ. ಅದನ್ನು ಮಾರ್ಕೆಟಿಂಗ್‌ಗೆ ತಂದವರು ಪಾಲ್ ಗ್ರೀನ್ ಮತ್ತು ವಿಠಲ ರಾವ್, 1971ರಲ್ಲಿ. ಆಗೆಲ್ಲ ಕಾರ್ಡುಗಳನ್ನು ಕೊಟ್ಟು ಸಾಲಾಗಿ ಜೋಡಿಸಿ ಅನ್ನುತ್ತಿದ್ದರು. ಈಗಿನ ಹಾಗೆ "ಒಂದನ್ನು ಆರಿಸಿ" ಅನ್ನುವ ರೂಪ ಬಂದದ್ದು ಲೂವಿಯರ್ ಮತ್ತು ಜಾರ್ಜ್ ವುಡ್‌ವರ್ತ್ ಅವರ 1983ರ ಕೆಲಸದಿಂದ. ಮ್ಯಾರಿಯಟ್ ಹೋಟೆಲ್ ಕಂಪನಿ 1980ರ ದಶಕದಲ್ಲಿ ತನ್ನ ಕೋರ್ಟ್‌ಯಾರ್ಡ್ ಹೋಟೆಲುಗಳನ್ನು ರೂಪಿಸಿದ್ದು ಇದೇ ವಿಧಾನ ಬಳಸಿ. ರೂಮು ಎಷ್ಟು ದೊಡ್ಡದಿರಬೇಕು ಅನ್ನುವುದರಿಂದ ಹಿಡಿದು ಯಾವ್ಯಾವ ಸೌಲಭ್ಯ ಇರಬೇಕು ಅನ್ನುವವರೆಗೆ. ಅಂದರೆ ಇದು ನಿನ್ನೆ ಮೊನ್ನೆ ಹುಟ್ಟಿದ ಗಿಮಿಕ್ ಅಲ್ಲ.

ಸೇವೆಯ ಬ್ರೋಷರಿನಲ್ಲಿ ನೊಬೆಲ್ ಬಹುಮಾನದ ಮಾತೂ ಬರುತ್ತದೆ. ಅದು ಇಂಥ ಆಯ್ಕೆಗಳ ಲೆಕ್ಕ ಕಟ್ಟಿದ ಅರ್ಥಶಾಸ್ತ್ರಜ್ಞ ಡೇನಿಯಲ್ ಮೆಕ್‌ಫ್ಯಾಡನ್, 2000ನೇ ಇಸವಿ. ಅವರ ಕಥೆ ನಿಜಕ್ಕೂ ಚೆನ್ನಾಗಿದೆ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದಲ್ಲಿ ಬಾರ್ಟ್ ಅನ್ನುವ ರೈಲು ಬರುವುದಿತ್ತು. ಕೆಲಸಕ್ಕೆ ಹೋಗುವವರಲ್ಲಿ ಶೇ. 15ರಷ್ಟು ಜನ ಅದನ್ನು ಹತ್ತುತ್ತಾರೆ ಅಂತ ಅಧಿಕೃತ ಅಂದಾಜು. ಮೆಕ್‌ಫ್ಯಾಡನ್ ತಂಡದ ಲೆಕ್ಕ ಶೇ. 6.3 ಅಂತು. ಕೊನೆಗೆ ಹತ್ತಿದ್ದು ಶೇ. 6.2. ಇಷ್ಟು ಹತ್ತಿರ ಬಂದದ್ದರಲ್ಲಿ ಅದೃಷ್ಟವೂ ಸೇರಿತ್ತು ಅಂತ ಅವರೇ ಒಪ್ಪಿಕೊಂಡಿದ್ದಾರೆ. ಬ್ರೋಷರಿನವರು ಒಂದು ಮಾತು ಬಿಟ್ಟಿದ್ದಾರೆ: ಆ ಲೆಕ್ಕ ನಿಂತಿದ್ದು ಜನ ಅದಾಗಲೇ ದಿನಾ ಮಾಡುತ್ತಿದ್ದ ನಿಜವಾದ ಪ್ರಯಾಣಗಳ ಮೇಲೆ. ಕಾರಿನಲ್ಲಿ ಹೋಗುತ್ತಿದ್ದರಾ, ಬಸ್ಸಿನಲ್ಲಾ, ಎಷ್ಟು ಹೊತ್ತು ಕಾಯುತ್ತಿದ್ದರು, ಎಷ್ಟು ಖರ್ಚು ಮಾಡುತ್ತಿದ್ದರು. ಸೋಫಾದಲ್ಲಿ ಒರಗಿಕೊಂಡು ಸ್ಕ್ರೀನಿನ ಮೇಲಿನ ಬ್ಯಾಗನ್ನು ಒತ್ತುವುದೂ ಅದೂ ಒಂದೇ ಅಲ್ಲ, ಅಲ್ವಾ?

ನಮ್ಮ ಸರ್ವೆಯನ್ನು ಹೊರಗೆ ಬಿಡುವ ಮುಂಚೆ ಪರಿಚಯದವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸುಮ್ನೆ ಒಮ್ಮೆ ಮಾಡಿ ನೋಡಿ ಅಂದೆ. ಮೊದಲ ಸ್ಕ್ರೀನಿನಲ್ಲಿ ಅವರು ಪ್ರತಿ ಸಾಲನ್ನೂ ಓದಿದರು, ಬೆರಳಿಟ್ಟುಕೊಂಡು. "ಇದು ಹಗುರ, ಆದರೆ ವಾರಂಟಿ ಕಡಿಮೆ" ಅಂತ ತಮ್ಮಷ್ಟಕ್ಕೆ ಹೇಳಿಕೊಂಡರು. ಎರಡನೆಯದರಲ್ಲೂ ಹೀಗೇ. ಆಮೇಲೆ ಬೆರಳು ವಾರಂಟಿ ಸಾಲಿಗೆ ಹೋಗುವುದನ್ನೇ ಬಿಟ್ಟಿತು. ಇನ್ನೊಂದಿಷ್ಟು ಸ್ಕ್ರೀನ್ ಆಗುವ ಹೊತ್ತಿಗೆ ಕಣ್ಣು ಸೀದಾ ತೂಕದ ಸಾಲಿಗೆ. ಅಲ್ಲಿ 1100 ಅಂತ ಕಂಡರೆ ಆ ಬ್ಯಾಗು ಮುಗಿಯಿತು, ಅದಕ್ಕೆ ಎಷ್ಟೇ ಒಳ್ಳೆ ಜಿಪ್ ಇದ್ದರೂ ನೋಡುವುದಿಲ್ಲ. ಉಳಿದ ಎರಡರಲ್ಲಿ ಅಗ್ಗದ್ದನ್ನು ಒತ್ತಿ ಮುಂದೆ.

ಅವರೇನೂ ಸೋಮಾರಿ ಅಲ್ಲ. ನಾವೆಲ್ಲ ಆರಿಸುವುದೇ ಹೀಗೆ. ಒಂದು ಅಂಶ ಹಿಡಿದು ಬೇಡದ್ದನ್ನು ತೆಗೆದುಹಾಕುವುದು, ಉಳಿದವುಗಳಲ್ಲಿ ಇನ್ನೊಂದು ಅಂಶ ಹಿಡಿಯುವುದು. ಮನಶ್ಶಾಸ್ತ್ರಜ್ಞ ಏಮೋಸ್ ಟ್ವರ್ಸ್ಕಿ 1972ರಲ್ಲೇ ಇದನ್ನು ಲೆಕ್ಕದ ರೂಪದಲ್ಲಿ ಬರೆದಿಟ್ಟರು. ಅದಕ್ಕೂ ಮುಂಚೆ 1950ರ ದಶಕದಲ್ಲಿ ಹರ್ಬರ್ಟ್ ಸೈಮನ್ ಹೇಳಿದ್ದು ಇನ್ನೂ ಸರಳ: ಜನ ಎಲ್ಲಕ್ಕಿಂತ ಒಳ್ಳೆಯದನ್ನು ಹುಡುಕುತ್ತಾ ಕೂರುವುದಿಲ್ಲ, ಸಾಕು ಅನ್ನಿಸುವಷ್ಟು ಒಳ್ಳೆಯದು ಸಿಕ್ಕ ಕೂಡಲೇ ನಿಲ್ಲಿಸುತ್ತಾರೆ. ಆದರೆ ಈ ಸೇವೆಯ ಒಳಗಿನ ಲೆಕ್ಕ ಬೇರೆಯದನ್ನೇ ನಂಬಿಕೊಂಡಿದೆ. ತೂಕಕ್ಕೆ ಇಷ್ಟು ಅಂಕ, ಜಿಪ್‌ಗೆ ಇಷ್ಟು, ವಾರಂಟಿಗೆ ಇಷ್ಟು, ಎಲ್ಲ ಕೂಡಿಸಿ ಯಾವುದು ಜಾಸ್ತಿಯೋ ಅದನ್ನು ಆರಿಸುತ್ತಾರೆ ಅಂತ. ಅಂದರೆ ತೂಕದಲ್ಲಿ ಕಳೆದುಕೊಂಡದ್ದನ್ನು ವಾರಂಟಿಯಲ್ಲಿ ಗಳಿಸಬಹುದು ಅಂತ. ನಾನು ನೋಡಿದವರ ವಿಷಯದಲ್ಲಿ ಹತ್ತು ವರ್ಷ ವಾರಂಟಿ ಕೊಟ್ಟರೂ ಆ ಭಾರದ ಬ್ಯಾಗು ಗೆಲ್ಲುತ್ತಿರಲಿಲ್ಲ, ಯಾಕೆಂದರೆ ಅವರು ವಾರಂಟಿ ಸಾಲಿನವರೆಗೆ ಬರುತ್ತಲೇ ಇರಲಿಲ್ಲ.

ಇದಕ್ಕೆ ಸೇವೆಯಲ್ಲಿ ಒಂದು ಮದ್ದಿದೆ. ಸೆಟ್ಟಿಂಗ್ಸ್‌ನಲ್ಲಿ ಎಲ್ಲೋ ಮೂಲೆಯಲ್ಲಿ ಬಚ್ಚಿಟ್ಟಿದ್ದಾರೆ: "ಇದು ಇದ್ದರೆ ಬೇಡವೇ ಬೇಡ" ಅನ್ನುವುದನ್ನು ಮೊದಲೇ ಕೇಳಿ ತೆಗೆಯುವ ಪ್ರಶ್ನೆ. ಆನ್ ಮಾಡಿಕೊಳ್ಳಿ. ನಮಗೆ ಇಡೀ ರಿಪೋರ್ಟಿನಲ್ಲಿ ಅತಿ ಉಪಯೋಗಕ್ಕೆ ಬಂದದ್ದು ಅದೇ. ಜನ ಏನು ಬಯಸುತ್ತಾರೆ ಅನ್ನುವುದಕ್ಕಿಂತ ಯಾವುದನ್ನು ಕಂಡ ಕೂಡಲೇ ಕೈ ಬಿಡುತ್ತಾರೆ ಅನ್ನುವುದು ಹೆಚ್ಚು ಗಟ್ಟಿ ಮಾಹಿತಿ. 1100 ಗ್ರಾಮಿನ ಮಾಡೆಲನ್ನು ನಾವು ಕೈಬಿಟ್ಟೆವು, ಚರ್ಚೆ ಇಲ್ಲದೆ.

ಮೊಬೈಲಿನಲ್ಲಿ ಇದು ಹೇಗೆ ಕಾಣುತ್ತದೆ ಅಂತಲೂ ನೋಡಿಕೊಳ್ಳಿ. ಕಂಪ್ಯೂಟರಿನಲ್ಲಿ ಮೂರೂ ಬ್ಯಾಗ್ ಒಟ್ಟಿಗೆ ಕಾಣುತ್ತವೆ. ಫೋನಿನಲ್ಲಿ ಮೂರನೆಯದು ಬಲಗಡೆ ಸ್ಕ್ರೀನಿನಾಚೆ ಹೋಗಿ ಕೂತಿರುತ್ತದೆ, ಬೆರಳಿನಲ್ಲಿ ಸರಿಸಿದರೆ ಮಾತ್ರ ಬರುತ್ತದೆ. ಸರಿಸದೇ ಮೊದಲ ಎರಡರಲ್ಲೇ ಒಂದನ್ನು ಒತ್ತಿ ಹೋದರೆ ಅದೂ ಒಂದು ಆಯ್ಕೆ ಅಂತಲೇ ಲೆಕ್ಕಕ್ಕೆ ಹೋಗುತ್ತದೆ. ಬ್ಯಾಗುಗಳ ಜಾಗ ಪ್ರತಿ ಸಲ ಬದಲಾಗುತ್ತದೆ, ಹಾಗಾಗಿ ಒಂದೇ ಬ್ಯಾಗಿಗೆ ಅನ್ಯಾಯ ಆಗುವುದಿಲ್ಲ ಅಂತ ಅವರ ಸಮಜಾಯಿಷಿ. ನಿಜ, ಆದರೆ ಅಂಥ ಉತ್ತರಗಳಲ್ಲಿ ನೋಡದೇ ಇದ್ದ ಬ್ಯಾಗೂ ಬೇಡ ಅಂದ ಬ್ಯಾಗಿನ ಲೆಕ್ಕಕ್ಕೇ ಸೇರುತ್ತದೆ. ಕೇಳಿದ ಮೇಲೆ ಒಂದರ ಕೆಳಗೊಂದು ಬರುವ ಹಾಗೆ ಮಾಡಿಕೊಟ್ಟರು, ತಕರಾರಿಲ್ಲದೆ. ಅದು ಅವರ ದೊಡ್ಡತನ.

ಈಗ ರಿಪೋರ್ಟು. ಮೊದಲ ಪುಟದಲ್ಲೇ ಒಂದು ಪಟ್ಟಿ ಇರುತ್ತದೆ: ಬೆಲೆಯ ಮಹತ್ವ ಶೇಕಡಾ ಇಷ್ಟು, ತೂಕದ್ದು ಇಷ್ಟು, ಜಿಪ್‌ನದ್ದು ಇಷ್ಟು. ಎಲ್ಲರೂ ಓದುವುದು ಈ ಪುಟವನ್ನೇ, ಮೀಟಿಂಗಿನಲ್ಲಿ ಹಾಕುವುದೂ ಇದನ್ನೇ. ಈ ಸಂಖ್ಯೆ ಎಲ್ಲಿಂದ ಬರುತ್ತದೆ ಅಂತ ತಿಳಿದರೆ ಅದರ ಮೇಲಿನ ಭಕ್ತಿ ಸ್ವಲ್ಪ ಇಳಿಯುತ್ತದೆ. ಪ್ರತಿ ಅಂಶದಲ್ಲೂ ಅತಿ ಇಷ್ಟವಾದ ಮಟ್ಟಕ್ಕೂ (ತೂಕಕ್ಕಾದರೆ 700, 900, 1100 ಗ್ರಾಂ, ಇವೇ ಮಟ್ಟಗಳು) ಅತಿ ಇಷ್ಟವಾಗದ ಮಟ್ಟಕ್ಕೂ ಸಿಕ್ಕ ಅಂಕಗಳ ನಡುವಿನ ಅಂತರ ತೆಗೆದುಕೊಳ್ಳುತ್ತಾರೆ. ಎಲ್ಲ ಅಂತರಗಳನ್ನೂ ಕೂಡಿಸಿ, ಒಂದೊಂದರ ಪಾಲು ಎಷ್ಟು ಅಂತ ಭಾಗಿಸುತ್ತಾರೆ. ಅಷ್ಟೇ.

ಉದಾಹರಣೆಗೆ ನಾನೇ ಸಂಖ್ಯೆ ಹಾಕುತ್ತೇನೆ. ಬೆಲೆಯ ಅಂತರ 90, ತೂಕದ್ದು 70, ಜಿಪ್‌ನದ್ದು 40 ಅಂದುಕೊಳ್ಳಿ. ಒಟ್ಟು 200. ಬೆಲೆಯ ಮಹತ್ವ ಶೇ. 45, ತೂಕ ಶೇ. 35, ಜಿಪ್ ಶೇ. 20. ಬೆಲೆಯೇ ರಾಜ. ಈಗ ಅದೇ ಜನ, ಅದೇ ಮನಸ್ಸು, ಆದರೆ ಸರ್ವೆಯಲ್ಲಿ ನೀವು ತೋರಿಸುವ ಬೆಲೆಗಳನ್ನು ಹತ್ತಿರ ಹತ್ತಿರ ಇಟ್ಟಿರಿ, ಅಂತರ ಅರ್ಧಕ್ಕಿಳಿದು 45 ಆಯಿತು. ಒಟ್ಟು 155. ಈಗ ತೂಕ ಶೇ. 45, ಬೆಲೆ ಶೇ. 29, ಜಿಪ್ ಶೇ. 26. ಯಾರ ಮನಸ್ಸೂ ಬದಲಾಗಿಲ್ಲ, ರಾಜ ಬದಲಾದ! ಇನ್ನೊಂದು ಕಿತಾಪತಿ ಏನೆಂದರೆ, ಯಾವ ಅಂಶಕ್ಕೆ ಜಾಸ್ತಿ ಮಟ್ಟಗಳನ್ನು ಕೊಡುತ್ತೀರೋ ಅದು ತಾನಾಗಿಯೇ ಸ್ವಲ್ಪ ಹೆಚ್ಚು ಮುಖ್ಯ ಅಂತ ಕಾಣುವ ಸ್ವಭಾವ ಈ ವಿಧಾನಕ್ಕಿದೆ. ಹಾಗಾಗಿ "ನಮ್ಮ ಗಿರಾಕಿಗಳಿಗೆ ಬೆಲೆ ಅಷ್ಟೇನೂ ಮುಖ್ಯ ಅಲ್ಲವಂತೆ" ಅಂತ ಯಾರಾದರೂ ಈ ಪುಟ ತೋರಿಸಿದರೆ, ಯಾವ ಬೆಲೆಯಿಂದ ಯಾವ ಬೆಲೆವರೆಗೆ ಕೇಳಿದ್ದು ಅಂತ ಮೊದಲು ವಿಚಾರಿಸಿ. ರಿಪೋರ್ಟಿನಲ್ಲಿ ಆ ಮಾಹಿತಿ ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿದೆ. ಅದು ಮೊದಲ ಪುಟದಲ್ಲೇ ಇರಬೇಕಿತ್ತು.

ನಾಲ್ಕನೆಯ ತುಣುಕು, "ಯಾಕೆ ಆರಿಸಿದಿರಿ". ಇದಕ್ಕೆ ಬೇರೆಯಾಗಿ ದುಡ್ಡು. ಜನ ಬರೆದ ಉತ್ತರಗಳನ್ನೆಲ್ಲ ಯಂತ್ರದಿಂದ ಓದಿಸಿ, ಭಾವನೆ ಅಳೆದು, ಹೆಚ್ಚು ಸಲ ಬಂದ ಪದ ದೊಡ್ಡದಾಗಿ ಕಾಣುವ ಬಣ್ಣಬಣ್ಣದ ಪದಗಳ ಮೋಡ ಮಾಡಿ ಕೊಡುತ್ತಾರೆ. ತೆಗೆದುಕೊಳ್ಳಬೇಡಿ.

ಕಾರಣ ಹಳೆಯದು. 1977ರಲ್ಲಿ ಮನಶ್ಶಾಸ್ತ್ರಜ್ಞರಾದ ರಿಚರ್ಡ್ ನಿಸ್ಬೆಟ್ ಮತ್ತು ತಿಮೊಥಿ ವಿಲ್ಸನ್ ಒಂದು ಪ್ರಯೋಗದ ಬಗ್ಗೆ ಬರೆದರು. ಅಂಗಡಿಯಲ್ಲಿ ಮೇಜಿನ ಮೇಲೆ ನಾಲ್ಕು ಜೊತೆ ನೈಲಾನ್ ಸ್ಟಾಕಿಂಗ್ಸ್. ನಾಲ್ಕೂ ಒಂದೇ, ಕೂದಲೆಳೆಯ ವ್ಯತ್ಯಾಸವಿಲ್ಲ. ಯಾವುದು ಚೆನ್ನಾಗಿದೆ ಹೇಳಿ ಅಂದರೆ ಶೇ. 40 ಜನ ಬಲತುದಿಯದ್ದನ್ನು ಆರಿಸಿದರು, ಎಡತುದಿಯದ್ದಕ್ಕೆ ಸಿಕ್ಕಿದ್ದು ಶೇ. 12. ಯಾಕೆ ಅಂತ ಕೇಳಿದರೆ ಜಾಗದ ಮಾತನ್ನು ಒಬ್ಬರೂ ತಾವಾಗಿ ಎತ್ತಲಿಲ್ಲ. ಇಟ್ಟ ಜಾಗದಿಂದ ಹೀಗಾಗಿರಬಹುದಾ ಅಂತ ನೇರವಾಗಿ ಕೇಳಿದಾಗಲೂ ಹೆಚ್ಚುಕಮ್ಮಿ ಎಲ್ಲರೂ ಇಲ್ಲವೇ ಇಲ್ಲ ಅಂದರು. 2005ರಲ್ಲಿ ಸ್ವೀಡನ್ನಿನ ಪೀಟರ್ ಯೋಹಾನ್ಸನ್, ಲಾರ್ಸ್ ಹಾಲ್ ಮತ್ತು ಜೊತೆಗಾರರು ಇನ್ನೂ ಮುಂದೆ ಹೋದರು. ಎರಡು ಫೋಟೋ ತೋರಿಸಿ, ಯಾರು ಹೆಚ್ಚು ಚೆಂದ ಅಂತ ಕೇಳಿ, ಆಮೇಲೆ ಕೈಚಳಕದಿಂದ ಬೇಡ ಅಂದ ಫೋಟೋವನ್ನೇ ಕೈಗೆ ಕೊಟ್ಟು, ಇವರನ್ನು ಯಾಕೆ ಆರಿಸಿದಿರಿ ಅಂದರು. ಬಹುಪಾಲು ಜನಕ್ಕೆ ಫೋಟೋ ಬದಲಾದದ್ದೇ ಗೊತ್ತಾಗಲಿಲ್ಲ. ತಾವು ಆರಿಸದೇ ಇದ್ದ ಮುಖಕ್ಕೆ ಕಾರಣ ಕೊಟ್ಟರು, ಸಲೀಸಾಗಿ. ಅದೇ ತಂಡ ಆಮೇಲೆ ಸೂಪರ್‌ಮಾರ್ಕೆಟ್ಟಿನಲ್ಲಿ ಜಾಮ್ ಮತ್ತು ಚಹಾ ಇಟ್ಟು ಇದನ್ನೇ ಮಾಡಿತು. ಅಲ್ಲೂ ಮೋಸ ಹಿಡಿದವರು ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚಿಲ್ಲ.

ಜನ ಸುಳ್ಳು ಹೇಳುತ್ತಾರೆ ಅಂತಲ್ಲ ಇದರ ಅರ್ಥ. ಕೇಳಿದಾಗ ತೋಚುವ ಮರ್ಯಾದಸ್ಥ ಕಾರಣವನ್ನು ಹೇಳುತ್ತಾರೆ, ತಾವೂ ನಂಬುತ್ತಾರೆ. ನಮ್ಮ ಬ್ಯಾಗಿನ ವಿಷಯದಲ್ಲೂ ಅದೇ. ಬರೆದ ಉತ್ತರಗಳಲ್ಲಿ "ಗುಣಮಟ್ಟ" ಅನ್ನುವ ಪದ ಇಷ್ಟು ದಪ್ಪ ಅಕ್ಷರದಲ್ಲಿ ಮೋಡದ ನಡುವೆ ನಿಂತಿತ್ತು, ಆರಿಸುವಾಗ ಮಾತ್ರ ಬೆರಳು ಹೋಗಿದ್ದು ತೂಕಕ್ಕೆ ಮತ್ತು ಬೆಲೆಗೆ. ಒಂದು ಉಪಯೋಗ ಇದೆ, ಅದನ್ನೂ ಹೇಳಬೇಕು. ಜನ ತಮ್ಮ ಕಷ್ಟವನ್ನು ಹೇಗೆ ಹೇಳಿಕೊಳ್ಳುತ್ತಾರೆ ಅಂತ ಇಲ್ಲಿ ಗೊತ್ತಾಗುತ್ತದೆ. ನಾವು "ಎರ್ಗೊನಾಮಿಕ್ ಸ್ಟ್ರಾಪ್" ಅಂತ ಬರೆಯುತ್ತಿದ್ದ ಕಡೆ ಅವರು "ಸಂಜೆ ಹೊತ್ತಿಗೆ ಭುಜ ಉರಿಯುತ್ತದೆ" ಅಂತ ಬರೆದಿದ್ದರು. ಜಾಹೀರಾತು ಬರೆಯುವವರಿಗೆ ಅದು ಚಿನ್ನ. ಆದರೆ ಅದಕ್ಕೆ ಭಾವನೆ ಅಳೆಯುವ ಯಂತ್ರ ಬೇಡ, ಕೂತು ಓದಿದರೆ ಸಾಕು.

ಇನ್ನು ಸಿಮ್ಯುಲೇಟರ್. ಒಂದೆರಡು ಪ್ರಶ್ನೆ ಕೇಳಿ ಅಂದದ್ದು ಇದರ ಬಗ್ಗೆ. ನೋಡಲು ಆಟದ ಹಾಗಿದೆ, ಕೈ ಬಿಡಲು ಮನಸ್ಸಾಗುವುದಿಲ್ಲ. ನಿಮ್ಮ ಬ್ಯಾಗು, ಎದುರಾಳಿಯ ಬ್ಯಾಗು ಹಾಕಿ, ಬೆಲೆ ಸ್ವಲ್ಪ ಇಳಿಸಿದರೆ ನಿಮ್ಮ ಪಾಲು ಎಷ್ಟು ಏರುತ್ತದೆ ಅಂತ ಪಟ್ ಅಂತ ತೋರಿಸುತ್ತದೆ, ದಶಮಾಂಶದ ಸಮೇತ. ಯಾವ ಸೇವೆ ತೆಗೆದುಕೊಂಡರೂ ಮೊದಲು ಒಂದು ಪರೀಕ್ಷೆ ಮಾಡಿ. ನಿಮ್ಮ ಬ್ಯಾಗನ್ನೇ ಎರಡು ಸಲ ಹಾಕಿ. ಅದೇ ತೂಕ, ಅದೇ ಜಿಪ್, ಅದೇ ಬೆಲೆ, ಹೆಸರು ಮಾತ್ರ ಬೇರೆ. ಬುದ್ಧಿ ಇರುವ ಸಿಮ್ಯುಲೇಟರ್ ಆದರೆ ನಿಮ್ಮ ಒಟ್ಟು ಪಾಲು ಹೆಚ್ಚುಕಮ್ಮಿ ಅಲ್ಲೇ ಇರಬೇಕು, ಅದು ಎರಡು ಹೆಸರಿಗೆ ಹಂಚಿಹೋಗಬೇಕು. ಸಾದಾ ಲೆಕ್ಕದಲ್ಲಿ ಹಾಗಾಗುವುದಿಲ್ಲ. ನೀವು ಮತ್ತು ಎದುರಾಳಿ ಸಮಸಮ ಇದ್ದರೆ, ನಕಲು ಹಾಕಿದ ಕೂಡಲೇ ಮೂರೂ ಬ್ಯಾಗಿಗೆ ಮೂರನೇ ಒಂದು ಪಾಲು. ನಿಮ್ಮದು 50ರಿಂದ 67ಕ್ಕೆ ಹಾರುತ್ತದೆ, ಏನೂ ಮಾಡದೆ! ಅರ್ಥಶಾಸ್ತ್ರದಲ್ಲಿ ಇದಕ್ಕೆ ಕೆಂಪು ಬಸ್ಸು ನೀಲಿ ಬಸ್ಸಿನ ಸಮಸ್ಯೆ ಅಂತಲೇ ಹೆಸರು. ಅದೇ ಬಸ್ಸಿಗೆ ಬೇರೆ ಬಣ್ಣ ಬಳಿದರೆ ಕಾರಿನವರೆಲ್ಲ ಬಸ್ಸು ಹತ್ತುತ್ತಾರಾ?

ಪ್ರತಿ ವ್ಯಕ್ತಿಯ ಇಷ್ಟವನ್ನೂ ಬೇರೆ ಬೇರೆಯಾಗಿ ಅಂದಾಜು ಮಾಡುವ ಲೆಕ್ಕ ಬಳಸಿದರೆ ಈ ರೋಗ ಬಹಳ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಈ ಸೇವೆಯಲ್ಲಿ ಅದು ದುಬಾರಿ ಪ್ಲಾನಿನಲ್ಲಿ ಮಾತ್ರ ಇದೆ. ಅಗ್ಗದ ಪ್ಲಾನಿನಲ್ಲಿ ನಕಲು ಬ್ಯಾಗು ಹಾಕಿ ನೋಡಿದೆ, ನಮ್ಮ ಪಾಲು ಚೆನ್ನಾಗಿಯೇ ಉಬ್ಬಿತು. ಹೊಸ ಮಾಡೆಲ್‌ಗಳನ್ನು ಸಾಲಾಗಿ ಬಿಡಲು ಕಾಯುತ್ತಿರುವ ಮ್ಯಾನೇಜರ್ ಕೈಗೆ ಇದು ಸಿಕ್ಕರೆ ಕಥೆ ಮುಗಿಯಿತು. ಇನ್ನೊಂದು, ಈ ಶೇಕಡಾವಾರು ಮಾರಾಟದ ಪಾಲು ಅಲ್ಲ. ಎಲ್ಲರಿಗೂ ನಿಮ್ಮ ಬ್ಯಾಗಿನ ಬಗ್ಗೆ ಗೊತ್ತಿದೆ, ಎಲ್ಲ ಕಡೆ ಅದು ಸಿಗುತ್ತದೆ, ಎಲ್ಲರೂ ಎಲ್ಲ ವಿವರ ಓದಿದ್ದಾರೆ ಅನ್ನುವ ಲೋಕದಲ್ಲಿ ಮಾತ್ರ ಅದು ನಿಜ.

ಅಂಗಡಿಯ ಕಪಾಟೂ ಸರ್ವೆಯ ಸ್ಕ್ರೀನೂ ಒಂದೇ ಅಲ್ಲ ಅನ್ನುವುದಕ್ಕೆ ಇನ್ನೊಂದು ಕಾರಣ ಪಕ್ಕದಲ್ಲಿ ಏನಿದೆ ಅನ್ನುವುದು. ಇಟಮಾರ್ ಸೈಮನ್‌ಸನ್ ಮತ್ತು ಟ್ವರ್ಸ್ಕಿ 1992ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎರಡು ಕ್ಯಾಮೆರಾ ಇಟ್ಟಾಗ ಆಯ್ಕೆ ಅರ್ಧ ಅರ್ಧ ಆಯಿತು. ಇನ್ನೂ ದುಬಾರಿಯಾದ ಮೂರನೆಯ ಕ್ಯಾಮೆರಾ ಸೇರಿಸಿದ ಮೇಲೆ ನಡುವಿನದ್ದಕ್ಕೆ ಶೇ. 57, ಅಗ್ಗದ್ದಕ್ಕೆ ಬರೀ ಶೇ. 22. ಮೂರನೆಯದನ್ನು ಕೊಳ್ಳಲೆಂದೇ ಇಡಬೇಕಾಗಿಲ್ಲ, ಪಕ್ಕದ್ದು ಹಿತವಾಗಿ ಕಾಣಲೆಂದು ಇಟ್ಟರೂ ಆಯಿತು. ಹೀಗೇ, ಒಂದಕ್ಕಿಂತ ಎಲ್ಲ ರೀತಿಯಲ್ಲೂ ಕಡಿಮೆಯಾದದ್ದನ್ನು ಪಕ್ಕದಲ್ಲಿಟ್ಟರೆ ಆ ಒಂದನ್ನು ಆರಿಸುವವರು ಹೆಚ್ಚುತ್ತಾರೆ ಅಂತ 1982ರಲ್ಲಿ ಜೋಯೆಲ್ ಹ್ಯೂಬರ್ ಮತ್ತು ಇಬ್ಬರು ಜೊತೆಗಾರರು ತೋರಿಸಿದ್ದರು. ಆದರೆ ಇದನ್ನು ಮಂತ್ರ ಅಂದುಕೊಳ್ಳಬೇಡಿ. 2014ರಲ್ಲಿ ಶೇನ್ ಫ್ರೆಡರಿಕ್ ಮತ್ತು ಜೊತೆಗಾರರು ಪರೀಕ್ಷಿಸಿ ನೋಡಿದಾಗ, ಅಂಶಗಳನ್ನು ಸಂಖ್ಯೆಯಲ್ಲಿ ಬರೆದು ತೋರಿಸಿದರೆ ಈ ಪರಿಣಾಮ ಕಾಣುತ್ತದೆ, ಚಿತ್ರವನ್ನೋ ನಿಜವಾದ ವಸ್ತುವನ್ನೋ ಇಟ್ಟರೆ ಬಹುಮಟ್ಟಿಗೆ ಮಾಯವಾಗುತ್ತದೆ ಅಂತ ಕಂಡರು. ಸರ್ವೆಯಲ್ಲಿ ಬ್ಯಾಗುಗಳನ್ನು ಕಲಸಿ ಕಲಸಿ ತೋರಿಸುವುದರಿಂದ ಇಂಥ ಪಕ್ಕದ ಪ್ರಭಾವಗಳು ಸರಾಸರಿಯಲ್ಲಿ ಕರಗುತ್ತವೆ. ಲೆಕ್ಕಕ್ಕೆ ಒಳ್ಳೆಯದು. ಆದರೆ ಅಂಗಡಿಯಲ್ಲಿ ನಮ್ಮ ಬ್ಯಾಗಿನ ಪಕ್ಕ ಯಾವುದೋ ಒಂದು ಗೊತ್ತಾದ ಬ್ಯಾಗೇ ನೇತಾಡುತ್ತಿರುತ್ತದೆ, ಸರಾಸರಿ ಅಲ್ಲ.

ಬ್ರೋಷರಿನಲ್ಲಿ ಜಾಮ್ ಪ್ರಯೋಗವೂ ಇದೆ, ಇರಲೇಬೇಕಲ್ಲ! ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್, 2000ನೇ ಇಸವಿ. 24 ಜಾಮ್ ಇಟ್ಟಾಗ ನಿಂತು ನೋಡಿದವರಲ್ಲಿ ಶೇ. 3 ಜನ ಕೊಂಡರು, 6 ಇಟ್ಟಾಗ ಶೇ. 30. ಅದಕ್ಕೇ ನಾವು ಮೂರೇ ಆಯ್ಕೆ ತೋರಿಸುತ್ತೇವೆ ಅಂತ ಇವರ ವಾದ. 2010ರಲ್ಲಿ ಬೆಂಜಮಿನ್ ಶೈಬೆಹೆನ್ನೆ ಮತ್ತು ಜೊತೆಗಾರರು ಇಂಥ ಹತ್ತಾರು ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದಾಗ ಸರಾಸರಿ ಪರಿಣಾಮ ಸೊನ್ನೆಯ ಹತ್ತಿರ ಬಂತು ಅನ್ನುವುದು ಬ್ರೋಷರಿನಲ್ಲಿಲ್ಲ. ಫೋನಿನಲ್ಲಿ ಮೂರೇ ಹಿಡಿಸುತ್ತವೆ ಅಂತ ಹೇಳಿದ್ದರೆ ಸಾಕಿತ್ತು.

"ಯಾವುದೂ ಬೇಡ" ಬಟನ್ನಿಗೆ ಬರೋಣ. ನಮ್ಮ ಸರ್ವೆಯಲ್ಲಿ ಅದನ್ನು ಒತ್ತಿದವರು ತೀರಾ ಕಡಿಮೆ. ಅಂಗಡಿಗೆ ಬಂದು ನೋಡಿ ಸುಮ್ಮನೆ ಹೋಗುವವರು ಎಷ್ಟು ಜನ ಅಂತ ವ್ಯಾಪಾರ ಮಾಡುವವರಿಗೆಲ್ಲ ಗೊತ್ತು. ಇಲ್ಲಿ ಉತ್ತರ ಕೊಡುವವರಿಗೆ ಸಿಗುವುದು ಸರ್ವೆ ಮುಗಿಸಿದ್ದಕ್ಕೆ ಪುಡಿಗಾಸು, ಬ್ಯಾಗಲ್ಲ. ಹಾಗಾಗಿ ಯಾವುದನ್ನೋ ಒಂದನ್ನು ಒತ್ತುತ್ತಾರೆ, ಜೇಬಿಗೇನೂ ಕತ್ತರಿ ಬೀಳುವುದಿಲ್ಲವಲ್ಲ. ಇದಕ್ಕೆ ಪರಿಹಾರ ಗೊತ್ತಿದೆ. ಆರಿಸಿದ್ದಕ್ಕೆ ನಿಜವಾದ ಪರಿಣಾಮ ಇರಬೇಕು: ನೀವು ಆರಿಸಿದವುಗಳಲ್ಲಿ ಒಂದನ್ನು ಎತ್ತಿ, ಅದನ್ನೇ ಆ ಬೆಲೆಗೇ ನಿಮಗೆ ಕೊಡುತ್ತೇವೆ ಅನ್ನಬೇಕು. ಮಿನ್ ಡಿಂಗ್ ಮತ್ತು ಜೊತೆಗಾರರು 2005ರಲ್ಲಿ ಊಟದ ಆಯ್ಕೆಗಳ ಮೇಲೆ ಇದನ್ನು ಮಾಡಿದರು. ಸುಮ್ಮನೆ ಕೇಳಿದ ಸರ್ವೆಗಿಂತ ಇದು ಆಮೇಲಿನ ನಿಜವಾದ ಆಯ್ಕೆಯನ್ನು ಎಷ್ಟೋ ಚೆನ್ನಾಗಿ ಊಹಿಸಿತು. ಈ ಸೇವೆಯಲ್ಲಿ ಅಂಥ ಅವಕಾಶವೇ ಇಲ್ಲ. ಕೇಳಿದರೆ "ಮುಂದಿನ ವರ್ಷನ್‌ನಲ್ಲಿ ಯೋಚಿಸುತ್ತೇವೆ" ಅಂದರು. ನಾವು ನಮ್ಮ ಹಳೆಯ ಗಿರಾಕಿಗಳ ಒಂದು ಸಣ್ಣ ಗುಂಪಿಗೆ ಬೇರೆಯಾಗಿ, ಕೆಲವರಿಗೆ ಆರಿಸಿದ ಬ್ಯಾಗನ್ನೇ ಅದೇ ಬೆಲೆಗೆ ಕೊಡುತ್ತೇವೆ ಅಂತ ಹೇಳಿ ಕೇಳಿದೆವು. ದುಬಾರಿ ಬಟ್ಟೆಯ ಮೇಲಿನ ಪ್ರೀತಿ ಅಲ್ಲಿಗೇ ಇಳಿಯಿತು.

ಸಿಮ್ಯುಲೇಟರಿನಲ್ಲಿ ನಮ್ಮ ಹೊಸ ಬ್ಯಾಗು ಹಳೆಯದನ್ನು ಸುಲಭವಾಗಿ ಸೋಲಿಸಿತು. ಹಾಗಾದರೆ ಹಳೆಯದನ್ನು ನಿಲ್ಲಿಸಿಬಿಡೋಣ ಅನ್ನುವ ಮಾತು ಬಂತು. ನಾನು ಬೇಡ ಅಂದೆ. ಕೋಕಾ ಕೋಲಾ 1985ರಲ್ಲಿ ರುಚಿ ಬದಲಿಸುವ ಮುಂಚೆ ಸುಮಾರು 2 ಲಕ್ಷ ಜನರಿಗೆ ಕುಡಿಸಿ ನೋಡಿತ್ತು. ಹೊಸದೇ ಚೆನ್ನಾಗಿದೆ ಅಂತ ಹೆಚ್ಚು ಜನ ಅಂದಿದ್ದರು. ಆದರೂ 79 ದಿನಕ್ಕೆ ಹಳೆಯದನ್ನು ವಾಪಸ್ ತರಬೇಕಾಯಿತು. ಎರಡು ಲೋಟ ಇಟ್ಟು ಯಾವುದು ರುಚಿ ಅಂತ ಕೇಳುವುದೇ ಬೇರೆ, ನಿನ್ನ ಲೋಟ ಕಿತ್ತುಕೊಳ್ಳಲಾ ಅಂತ ಕೇಳುವುದೇ ಬೇರೆ. ಕಳೆದುಕೊಳ್ಳುವ ನೋವು ಗಳಿಸುವ ಖುಷಿಗಿಂತ ದೊಡ್ಡದು ಅಂತ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಟ್ವರ್ಸ್ಕಿ 1979ರಲ್ಲೇ ಬರೆದಿದ್ದರು. ಈ ಸೇವೆಯ ಯಾವ ತುಣುಕಿನಲ್ಲೂ ಕಳೆದುಕೊಳ್ಳುವ ಪ್ರಶ್ನೆ ಇಲ್ಲ. ಹಳೆಯ ಬ್ಯಾಗು ಈಗಲೂ ಮಾಡುತ್ತಿದ್ದೇವೆ, ಈಗಲೂ ಹೋಗುತ್ತಿದೆ.

ಉತ್ತರ ಕೊಡುವ ಜನರ ಬಗ್ಗೆ. ಓದದೇ ಪಟಪಟ ಒತ್ತುವವರು, ಎಲ್ಲದರಲ್ಲೂ ಎಡಗಡೆಯದ್ದನ್ನೇ ಒತ್ತುವವರು, ಮನುಷ್ಯರೇ ಅಲ್ಲದ ಬಾಟ್‌ಗಳು, ಎಲ್ಲ ಪ್ಯಾನೆಲ್‌ಗಳಲ್ಲೂ (ಉತ್ತರ ಕೊಡಲು ಒದಗಿಸುವ ಜನರ ಗುಂಪು) ಇರುತ್ತಾರೆ. ಸೇವೆಯವರು ಅಂಥವರನ್ನು ಸೋಸುತ್ತಾರೆ, ಆದರೆ ಯಾವ ನಿಯಮದಿಂದ ಸೋಸಿದರು ಅಂತ ರಿಪೋರ್ಟಿನಲ್ಲಿಲ್ಲ. ಪ್ರತಿ ಸ್ಕ್ರೀನಿಗೆ ಎಷ್ಟು ಸೆಕೆಂಡ್ ತೆಗೆದುಕೊಂಡರು ಅನ್ನುವ ಮಾಹಿತಿ ಇರುವ ಕಚ್ಚಾ ಡೇಟಾ ಬೇಕು ಅಂದರೆ ಬೇರೆ ಬಿಲ್. ನಮ್ಮ ಗಿರಾಕಿಗಳನ್ನು ನಾವೇ ಕರೆತಂದರೆ ಪ್ಯಾನೆಲ್ ಚಾರ್ಜ್ ಇಲ್ಲ, ಅದು ಒಳ್ಳೆಯ ಅಂಶ. ಸಪೋರ್ಟಿನವರು ಬೇಗ ಉತ್ತರಿಸುತ್ತಾರೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುತ್ತಾರೆ. ನಮ್ಮ ಪ್ರಶ್ನೆಗೆ ಉತ್ತರಿಸಿದ ಹುಡುಗಿಗೆ ಮಾರಾಟದ ತಂಡದವರಿಗಿಂತ ಜಾಸ್ತಿ ವಿಷಯ ಗೊತ್ತಿತ್ತು.

ಐದರಲ್ಲಿ ಮೂರೂವರೆ ಸ್ಟಾರ್ ಕೊಡುತ್ತೇನೆ. ಆಯ್ಕೆ ಮಾಡಿಸುವ ತುಣುಕು, ಜೊತೆಗೆ "ಬೇಡವೇ ಬೇಡ" ಪ್ರಶ್ನೆ, ಇಷ್ಟು ತೆಗೆದುಕೊಳ್ಳಿ. ಪದಗಳ ಮೋಡ ಬಿಡಿ. ಸಿಮ್ಯುಲೇಟರ್ ಬೇಕೇ ಬೇಕು ಅನ್ನಿಸಿದರೆ ಡೆಮೋ ದಿನವೇ ಅವರ ಎದುರಿಗೇ ಒಂದೇ ವಸ್ತುವನ್ನು ಎರಡು ಸಲ ಹಾಕಿಸಿ ನೋಡಿ. ಕಚ್ಚಾ ಡೇಟಾ ಒಪ್ಪಂದದಲ್ಲೇ ಸೇರಿರಲಿ. ಆಮೇಲೆ ಕೇಳಿದರೆ ಕೊಡುವ ರೇಟು ಬೇರೆ.